ಮೋಹಿನಿಯ ಕಾಲೂ ವಿಮರ್ಶಕರ ನಕ್ಷತ್ರಗಳೂ

ನಮ್ಮ ಹಿರಿಯರು ಇಪ್ಪತ್ತೇಳು ನಕ್ಷತ್ರಗಳನ್ನಿಟ್ಟುಕೊಂಡು ಮನುಷ್ಯನ ಹಣೆಯ ಬರಹ ಹೇಳುತ್ತಿದ್ದರು. ಈಗಿನ ಚಲಚ್ಚಿತ್ರ ವಿಮರ್ಶಕರಿಗೆ ಐದೇ ಸಾಕು. ಎಷ್ಟೋ ಜನ ಬೆವರು ಸುರಿಸಿ ತೆಗೆದ ಚಿತ್ರದ ಜಾತಕವನ್ನು ಅವರು ಬೆರಳ ತುದಿಯಲ್ಲಿ ಬರೆದು ಮುಗಿಸುತ್ತಾರೆ. ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಈ ಹೊಸ ಜ್ಯೋತಿಷದಲ್ಲಿ ಪಳಗಿದವರು. ನೋಡಿದ ಪ್ರತಿಯೊಂದು ಚಿತ್ರಕ್ಕೂ ಮೊಬೈಲಿನಲ್ಲಿ ನಕ್ಷತ್ರ ಹಾಕಿಡುವುದು ಅವರ ನಿತ್ಯವ್ರತ. ಈಚೆಗೆ ಅಧ್ಯಾಪಕರ ಕೊಠಡಿಯಲ್ಲಿ ಅವರು 1978ರ ತೆಲುಗು ‘ಜಗನ್ಮೋಹಿನಿ’ಗೆ ಒಂದೇ ಒಂದು ನಕ್ಷತ್ರ ದಯಪಾಲಿಸಿ, ಪಕ್ಕದಲ್ಲಿ ಒಂದು ಷರಾ ಬರೆದರು: “ಎಷ್ಟು ಕೆಟ್ಟದೋ ಅಷ್ಟು ಮಜಾ. ತಪ್ಪದೆ ನೋಡಿ.”

“ತಪ್ಪದೆ ನೋಡಬೇಕಾದ ಚಿತ್ರಕ್ಕೆ ಒಂದೇ ನಕ್ಷತ್ರವೇಕೆ ಸ್ವಾಮಿ?” ಎಂದೆ.

“ಅದೇ ಸಾರ್ ಅದರ ಸ್ವಾರಸ್ಯ. ನೀವು ಹಳೆಯ ಕಾಲದವರು, ನಿಮಗೆ ಗೊತ್ತಾಗುವುದಿಲ್ಲ” ಎಂದು ನಕ್ಕರು.

ನನಗಿನ್ನೂ ಐವತ್ತು ತುಂಬಿಲ್ಲ. ಆದರೂ ಆ ಮಾತನ್ನು ನುಂಗಿಕೊಂಡೆ. ನುಂಗಲಾರದೆ ಹೋದದ್ದು ಆ ಷರಾವನ್ನು. ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡು, ಎರಡನೆಯ ಸಲ ಬಡಿಸಿಕೊಂಡು, ಕೈ ತೊಳೆಯುವಾಗ ಅಡಿಗೆಯವನನ್ನು ಜರೆಯುವ ಅತಿಥಿಯನ್ನು ಓದುಗರು ಕಂಡಿರಬಹುದು. ಅಂಥವನನ್ನು ನಾವು ಮರ್ಯಾದಸ್ಥನೆಂದು ಕರೆಯುವುದಿಲ್ಲ. ಚಲಚ್ಚಿತ್ರದ ವಿಚಾರದಲ್ಲಿ ಮಾತ್ರ ಅದೇ ನಡತೆಗೆ ಸೂಕ್ಷ್ಮ ಅಭಿರುಚಿ ಎಂಬ ಹೆಸರು ಬಂದಿದೆ. ಈ ಅಭಿರುಚಿ ಪ್ರಾಮಾಣಿಕವಲ್ಲ ಎಂಬುದು ನನ್ನ ವಾದ. ಅದರಿಂದ ಕೇಡೂ ಉಂಟು ಎಂಬುದು ಅದಕ್ಕಿಂತ ಮುಖ್ಯವಾದ ವಾದ.

ಮಿತ್ರರನ್ನು ಹಳಿಯುವ ಮೊದಲು ನನ್ನ ತಪ್ಪನ್ನೇ ಒಪ್ಪಿಸಿಬಿಡುತ್ತೇನೆ. ಹೋದ ವರ್ಷ ಪದವಿ ತರಗತಿಯಲ್ಲಿ ಜನಪದ ಕಥೆಗಳ ಪಾಠ ನಡೆದಿತ್ತು. ಮಧ್ಯಾಹ್ನದ ಊಟವಾದ ಮೇಲಿನ ಅವಧಿ, ಹುಡುಗರ ಕಣ್ಣು ಎಳೆಯುತ್ತಿತ್ತು. ಎಚ್ಚರಿಸಲೆಂದು ಇದೇ ‘ಜಗನ್ಮೋಹಿನಿ’ಯ ಹೆಸರಾಂತ ತುಣುಕನ್ನು ಗೋಡೆಯ ಮೇಲೆ ತೋರಿಸಿದೆ. ದೆವ್ವವೊಂದು ಅಡಿಗೆಗೆ ಕೂತು, ಸೌದೆಯ ಬದಲಿಗೆ ತನ್ನ ಕಾಲನ್ನೇ ಒಲೆಗೆ ಇಟ್ಟು ಉರಿಸುವ ದೃಶ್ಯ ಅದು. ತರಗತಿ ನಕ್ಕಿತು. ನಾನೂ ನಕ್ಕೆ. “ನೋಡಿ, ಒಂದು ಕಾಲದಲ್ಲಿ ಜನ ಇದನ್ನು ನಂಬಿಕೊಂಡು ನೋಡುತ್ತಿದ್ದರು” ಎಂದೂ ಸೇರಿಸಿದೆ.

ಗಂಟೆ ಹೊಡೆದ ಮೇಲೆ, ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗಿಯೊಬ್ಬಳು ಬಂದು ನಿಂತಳು. ಎರಡು ನಿಮಿಷ ಪುಸ್ತಕದ ಮೂಲೆ ಮಡಿಸುತ್ತಿದ್ದು, ಆಮೇಲೆ ಹೇಳಿದಳು: “ಸಾರ್, ನಮ್ಮಜ್ಜಿ ಈ ಸಿನಿಮಾನ ಮೂರು ಸಲ ನೋಡಿದಾರಂತೆ. ನೀವು ಹಂಗಂದಾಗ ನಮ್ಮಜ್ಜಿ ದಡ್ಡಿ ಅಂದಂಗಾಯ್ತು. ಆದರೆ ನಮ್ಮಜ್ಜಿ ದಡ್ಡಿ ಅಲ್ಲ ಸಾರ್.”

ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ನನ್ನ ಅಜ್ಜಿಯೂ ಅದನ್ನು ನೋಡಿದವಳು. ಅವಳ ಮಗ್ಗುಲಲ್ಲಿ ಕೂತು ನೋಡಿದವನು ನಾನೇ.

ನಮ್ಮದು ಕೋಲಾರ ಸೀಮೆಯಲ್ಲಿ ಆಂಧ್ರದ ಗಡಿಗೆ ಅಂಟಿದ ಹಳ್ಳಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳದಲ್ಲಿ ಎರಡೂ. ಸುಗ್ಗಿ ಮುಗಿದ ಮೇಲೆ ಊರ ಹೊರಗೆ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ಘಂಟಸಾಲರ ವೆಂಕಟೇಶ ಸ್ತುತಿಯ ತಟ್ಟೆ ಹಾಕಿದರೆಂದರೆ ಆಟ ಶುರುವಾಯಿತೆಂದೇ ಅರ್ಥ. ಊಟ ಬಿಟ್ಟು ಜನ ಓಡುತ್ತಿದ್ದರು. ನೆಲಕ್ಕೆ ಮರಳು ಹಾಸಿರುತ್ತಿದ್ದರು. ಇದ್ದದ್ದು ಒಂದೇ ಯಂತ್ರವಾದ್ದರಿಂದ, ರೀಲು ಮುಗಿದಾಗಲೆಲ್ಲ ದೀಪ ಹತ್ತಿ, ರಾಕ್ಷಸನ ಕತ್ತಿ ಗಾಳಿಯಲ್ಲೇ ನಿಂತು, ಕಡಲೆಕಾಯಿಯ ವ್ಯಾಪಾರ ನಡೆಯುತ್ತಿತ್ತು.

ಮೋಹಿನಿ ಒಲೆಗೆ ಕಾಲಿಟ್ಟಾಗ ನಾನು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಹೆಂಗಸರ ಕಡೆಯಲ್ಲಿ ನಗೆ ಎದ್ದಿತು. ಅಜ್ಜಿ ನಮ್ಮ ತಾಯಿಗೆ ಕೇಳುವಂತೆ, “ನೋಡಮ್ಮ, ಸೌದೆ ಖರ್ಚೇ ಇಲ್ಲ! ಇಂಥ ಸೊಸೇನ ತಂದ್ಕೊಂಡಿದ್ರೆ ಎಷ್ಟು ಸುಖವಾಗಿತ್ತು” ಎಂದಳು. ನಮ್ಮ ತಾಯಿ ಬಿಡುವವಳಲ್ಲ. “ನೀವು ಸೌದೆಗೆ ಓಡಾಡಿಸೋದರಲ್ಲಿ ನನ್ನ ಕಾಲು ಆಗ್ಲೇ ಅರ್ಧ ಸವೆದಿದೆ ಅತ್ತೆ, ಒಲೆಗಿಡೋಕೆ ಇನ್ನೇನಿದೆ?” ಎಂದಳು. ಸುತ್ತ ಕೂತ ಹತ್ತು ಮನೆಯ ಅತ್ತೆ ಸೊಸೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಳೆ ಕಾಣದ ಆ ಸೀಮೆಯಲ್ಲಿ ಒಂದು ಹೊರೆ ಪುಳ್ಳೆಗಾಗಿ ಹರಿದಾರಿ ನಡೆಯುತ್ತಿದ್ದ ಹೆಂಗಸರು ಅವರು. ಒಲೆಗೆ ಏನು ಇಡುವುದೆಂಬುದು ಅವರ ದಿನದಿನದ ಪ್ರಶ್ನೆ. ಆ ಪ್ರಶ್ನೆಗೆ ಇಂಥ ಉತ್ತರ ಕೊಟ್ಟವನ ಮೇಲೆ ಅವರಿಗೆ ಪ್ರೀತಿ ಹುಟ್ಟಿದ್ದರಲ್ಲಿ ಆಶ್ಚರ್ಯವೇನು? ಅನಿಲದ ಒಲೆಯ ಮುಂದೆ ಬೆಳೆದ ನಾವು ಆ ದೃಶ್ಯಕ್ಕೆ ನಗುತ್ತೇವೆ, ಅವರೂ ನಕ್ಕರು. ಅವರ ನಗೆಗೆ ಒಂದು ಕಾರಣವಿತ್ತು.

ಇನ್ನೊಂದು ರಾತ್ರಿ ಬೇರೊಂದು ಚಿತ್ರ ನೋಡಿ ಕತ್ತಲಲ್ಲಿ ಹಿಂತಿರುಗುತ್ತಿದ್ದಾಗ ಅಜ್ಜಿ ಹೇಳಿದಳು: “ಆ ಹಾರೋ ಹಾವಿಗೆ ದಾರ ಕಟ್ಟಿದ್ರು ಕಣೋ, ಕಾಣಲಿಲ್ವೇನೋ?” ನನಗೆ ಕಂಡಿರಲಿಲ್ಲ. “ಮತ್ತೆ ನೀನು ಯಾಕಜ್ಜಿ ಕಿರುಚಿದೆ?” ಎಂದೆ. “ಹೆದರೋಕೆ ತಾನೆ ಕಾಸು ಕೊಟ್ಟು ಒಳಗೆ ಹೋದದ್ದು! ಸುಮ್ಮನೆ ಕೂತು ಬರೋಕಾ?” ಎಂದಳು.

ರಸಾಸ್ವಾದದ ವಿಷಯವಾಗಿ ನಾನು ಮುಂದೆ ಎಂ.ಎ. ತರಗತಿಯಲ್ಲಿ ಓದಿದ್ದರಲ್ಲಿ ಇದಕ್ಕಿಂತ ಸ್ಪಷ್ಟವಾದ ಮಾತು ಬಹಳ ಇಲ್ಲ. ದಾರ ಕಂಡಿತು, ಆದರೂ ಹೆದರಿದಳು, ಹೆದರಿ ಸಂತೋಷಪಟ್ಟಳು. ಈ ಮೂರೂ ಒಟ್ಟಿಗೆ ನಡೆಯಬಲ್ಲವು ಎಂಬುದು ಅಕ್ಷರ ಬಾರದ ಆ ಮುದುಕಿಗೆ ತಿಳಿದಿತ್ತು. ‘ಎಷ್ಟು ಕೆಟ್ಟದೋ ಅಷ್ಟು ಮಜಾ’ ಎನ್ನುವವರು ಮಾಡುವ ಮೊದಲ ತಪ್ಪು ಇಲ್ಲಿದೆ. ಅಂದಿನ ಪ್ರೇಕ್ಷಕರು ಎಲ್ಲವನ್ನೂ ನಂಬಿದ ಮುಗ್ಧರು, ದಾರ ಕಂಡವರು ನಾವೇ ಮೊದಲಿಗರು ಎಂದು ಅವರು ಎಣಿಸುತ್ತಾರೆ. ದಾರ ಎಲ್ಲರಿಗೂ ಕಂಡಿತ್ತು ಸ್ವಾಮಿ. ಅದನ್ನು ಕಂಡೆನೆಂದು ಜಂಭ ಪಡುವುದನ್ನು ಮಾತ್ರ ಅವರು ಕಲಿತಿರಲಿಲ್ಲ.

ಆ ದಾರ ಕಟ್ಟಿದವರಾದರೂ ಯಾರು? ‘ಜಗನ್ಮೋಹಿನಿ’ಯ ನಿರ್ದೇಶಕ ಬಿ. ವಿಠಲಾಚಾರ್ಯರು (1920–1999) ನಮ್ಮ ಉಡುಪಿಯ ಕಡೆಯವರು ಎಂಬುದು ನನ್ನ ಮಿತ್ರರಿಗೆ ಗೊತ್ತಿರಲಿಲ್ಲ. ಚಿತ್ರ ತೆಗೆಯುವ ಮೊದಲು ಅವರು ಹಾಸನದ ಕಡೆ ಟೂರಿಂಗ್ ಟಾಕೀಸು ನಡೆಸಿದವರು. ನೆಲದ ಮೇಲೆ ಕೂತ ಜನ ಯಾವ ಗಳಿಗೆಯಲ್ಲಿ ಮುಂದಕ್ಕೆ ಬಾಗುತ್ತಾರೆ, ಯಾವಾಗ ಬೀಡಿ ಹಚ್ಚಲು ಎದ್ದುಹೋಗುತ್ತಾರೆ ಎಂಬುದನ್ನು ಡೇರೆಯ ಬಾಗಿಲಲ್ಲಿ ನಿಂತು ಕಲಿತವರು. ಮೈಸೂರಿನಲ್ಲಿ ಡಿ. ಶಂಕರ್ ಸಿಂಗ್ ಅವರೊಡನೆ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ಕನ್ನಡದ ‘ಜಗನ್ಮೋಹಿನಿ’ ಆ ಸಂಸ್ಥೆಯಿಂದ ಬಂದವು. ಎಂದರೆ, ತೆಲುಗಿನ ಮೋಹಿನಿ ತೆರೆಗೆ ಬರುವುದಕ್ಕೆ ಇಪ್ಪತ್ತೇಳು ವರ್ಷ ಮೊದಲೇ ಅದೇ ಹೆಸರಿನ ಚಿತ್ರವೊಂದು ಮೈಸೂರಿನಿಂದ ಹೊರಟಿತ್ತು! ಆಮೇಲೆ ಆಚಾರ್ಯರು ಮದರಾಸಿಗೆ ಹೋಗಿ ತೆಲುಗರ ‘ಜಾನಪದ ಬ್ರಹ್ಮ’ ಎನಿಸಿಕೊಂಡರು. 1963ರಲ್ಲಿ ಎನ್.ಟಿ. ರಾಮರಾವ್ ಅವರಿಂದ ‘ಬಂದಿಪೋಟು’, ರಾಜಕುಮಾರ್ ಅವರಿಂದ ‘ವೀರಕೇಸರಿ’ ಮಾಡಿಸಿದವರು ಇವರೇ.

ಅವರ ಮಿತವ್ಯಯದ ಕತೆಗಳು ಚಿತ್ರರಂಗದಲ್ಲಿ ಇಂದಿಗೂ ಓಡಾಡುತ್ತವೆ. ನಟನೊಬ್ಬ ಕರೆದ ದಿನ ಬಾರದೆ ಸತಾಯಿಸಿದರೆ, ಮಂತ್ರವಾದಿಯಿಂದ ಶಾಪ ಕೊಡಿಸಿ ಆ ಪಾತ್ರವನ್ನು ಗಿಳಿಯನ್ನೋ ಮೇಕೆಯನ್ನೋ ಮಾಡಿಬಿಡುತ್ತಿದ್ದರಂತೆ. ಮೇಕೆ ಸಮಯಕ್ಕೆ ಸರಿಯಾಗಿ ಬರುತ್ತದೆ, ಸಂಭಾವನೆ ಕೇಳುವುದಿಲ್ಲ. ಕತೆ ನಿಜವೋ ಕಟ್ಟಿದ್ದೋ, ಅದರಲ್ಲಿ ಒಂದು ತತ್ವವಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಆಚಾರ್ಯರು ಇದ್ದಷ್ಟು ಚಾಚಿ, ಉಳಿದದ್ದನ್ನು ಒಲೆಗಿಟ್ಟರು.

ಅವರ ಕೈಚಳಕಗಳು ಹಿರಿಯ ಮನೆತನದವು. ಕ್ಯಾಮೆರಾ ನಿಲ್ಲಿಸಿ, ಇದ್ದ ವಸ್ತುವನ್ನು ತೆಗೆದು ಬೇರೊಂದನ್ನಿಟ್ಟು, ಮತ್ತೆ ತಿರುಗಿಸಿ ಮಾಯ ಮಾಡುವ ವಿದ್ಯೆಯನ್ನು ಫ್ರಾನ್ಸಿನ ಜಾದೂಗಾರ ಮೆಲಿಯೆ ಪಳಗಿಸಿಕೊಂಡಿದ್ದ. 1902ರಲ್ಲಿ ಚಂದ್ರಲೋಕದ ಯಾತ್ರೆ ತೋರಿಸಿದವನು ಅವನು. ನಮ್ಮಲ್ಲಿ ಫಾಲ್ಕೆ ಅಂಥ ವಿದ್ಯೆಗಳಿಂದಲೇ 1917ರಲ್ಲಿ ಲಂಕೆಯನ್ನು ಸುಟ್ಟರು, 1919ರಲ್ಲಿ ಕಾಳಿಂಗನನ್ನು ಮರ್ದಿಸಿದರು. 1957ರ ‘ಮಾಯಾಬಜಾರ್’ನಲ್ಲಿ ಘಟೋತ್ಕಚನ ಬಾಯಿಗೆ ಲಾಡುಗಳು ತಾವೇ ಹಾರಿಬರುವುದನ್ನು ಕಂಡು ನನ್ನ ಮಿತ್ರರು ಐದು ನಕ್ಷತ್ರ ಕೊಟ್ಟಿದ್ದಾರೆ. ನಾನೂ ಕೊಡುತ್ತೇನೆ. ಕೆ.ವಿ. ರೆಡ್ಡಿಯವರಿಗೂ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿಯವರಿಗೂ ಬೇಕಾದ ಹಣ, ಬೇಕಾದ ದಿನಗಳು ಇದ್ದವು, ದಾರ ಕಾಣಲಿಲ್ಲ. ಆಚಾರ್ಯರಿಗೆ ಎರಡೂ ಇರಲಿಲ್ಲ, ದಾರ ಕಂಡಿತು. ಎರಡೂ ಕಡೆ ವಿದ್ಯೆಯ ಬೇರು ಒಂದೇ. ಹಾಗಾದರೆ ನಡುವಿನ ನಾಲ್ಕು ನಕ್ಷತ್ರಗಳನ್ನು ನಾವು ಕಲೆಗೆ ಕೊಟ್ಟೆವೋ, ಕೈಚೀಲಕ್ಕೆ ಕೊಟ್ಟೆವೋ?

ಇನ್ನು ನಮ್ಮ ಪಂಡಿತವರ್ಗದ ಮಾತಿಗೆ ಬರೋಣ. ಈ ಪಾಪದಲ್ಲಿ ಕನ್ನಡ ಅಧ್ಯಾಪಕರ ಪಾಲು ದೊಡ್ಡದು. ಸರ್ಪವೊಂದು ಗಂಡನ ರೂಪ ತಾಳಿ ರಾತ್ರಿ ಮನೆಗೆ ಬರುವ ಕತೆ ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ (1988) ಬಂದರೆ ನಾವು ಅದನ್ನು ಪಠ್ಯವಾಗಿಸುತ್ತೇವೆ. ಹೆಣ್ಣಿನ ಅಂತರಂಗ, ಸಂಕೇತ, ಜಾನಪದದ ಮರುಸೃಷ್ಟಿ ಎಂದು ಟಿಪ್ಪಣಿ ಬರೆಸುತ್ತೇವೆ. ಬರೆಸಬೇಕಾದ್ದೇ, ಅದು ಒಳ್ಳೆಯ ನಾಟಕ. ಆದರೆ ಆ ಸರ್ಪದ ಬಂಧುಬಳಗವೇ ಡೇರೆಯ ಬಟ್ಟೆಯ ಮೇಲೆ ಹರಿದಾಡಿದಾಗ ಅದು ಅಗ್ಗದ ಗಿಮಿಕ್ಕು! ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಪಾತಾಳದ ಮಣಿಯಿಂದ ಸತ್ತ ಅರ್ಜುನ ಎದ್ದು ಕೂತರೆ ಅದ್ಭುತ ರಸ, ಆಚಾರ್ಯರ ಚಿತ್ರದಲ್ಲಿ ರಾಜಕುಮಾರ ಹಾಗೆ ಎದ್ದರೆ ಹಾಸ್ಯಾಸ್ಪದ. ಮಾಂತ್ರಿಕನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದೆ ಎಂದು ಹಳ್ಳಿಯ ಮುದುಕಿ ಹೇಳಿದರೆ ಧ್ವನಿಮುದ್ರಣ ಯಂತ್ರ ಹಿಡಿದು ಓಡುತ್ತೇವೆ, ಆಶಯವೆಂದೂ ವರ್ಗವೆಂದೂ ವಿಂಗಡಿಸಿ ಡಾಕ್ಟರೇಟು ಪಡೆಯುತ್ತೇವೆ. ಅದೇ ಮುದುಕಿ ಕಾಸು ಕೊಟ್ಟು ಅದೇ ಗಿಳಿಯನ್ನು ಟಾಕೀಸಿನಲ್ಲಿ ನೋಡಿದರೆ ಅವಳಿಗೆ ಅಭಿರುಚಿಯಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಒಂದು ಮಣೆಯನ್ನು ರಥವೆಂದರೆ ಶೈಲೀಕರಣವೆಂದು ತಲೆದೂಗುವ ನಾವು, ರಟ್ಟಿನ ಕೋಟೆಯನ್ನು ಕೋಟೆಯೆಂದು ಒಪ್ಪಲಾರೆವು.

ಹಾಗಾದರೆ ಈ ಚಿತ್ರಗಳೆಲ್ಲ ಉತ್ತಮವೇ ಎಂದು ಕೇಳುವವರಿದ್ದಾರೆ. ಅಲ್ಲ. ‘ಜಗನ್ಮೋಹಿನಿ’ಯಲ್ಲಿ ನೃತ್ಯದ ನೆಪದಿಂದ ಕ್ಯಾಮೆರಾ ಹೆಣ್ಣಿನ ಮೈಮೇಲೆ ಕತೆಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಹೆಣ್ಣೆಂದರೆ ಒಂದೋ ಪೂಜೆ ಮಾಡುವ ಸತಿ, ಇಲ್ಲವೇ ಗಂಡಸನ್ನು ಸೆಳೆಯುವ ಮೋಹಿನಿ ಎಂಬ ಹಳೆಯ ತಕ್ಕಡಿ ಅಲ್ಲಿ ತೂಗುತ್ತದೆ. ಆ ಚಿತ್ರ ಗೆದ್ದ ಮೇಲೆ ಅದೇ ಮಂತ್ರವನ್ನು ಮತ್ತೆ ಮತ್ತೆ ಜಪಿಸಿದ ಚಿತ್ರಗಳು ಬಂದವು. ಅವುಗಳಲ್ಲಿ ಹಲವನ್ನು ಸಹಿಸುವುದು ಕಷ್ಟ. ಇದನ್ನೆಲ್ಲ ಹೇಳಲೇಬೇಕು. ಗಮನಿಸಿ, ‘ಕೆಟ್ಟದ್ದೇ ಮಜಾ’ ಎನ್ನುವವರು ಇದನ್ನು ಎಂದೂ ಹೇಳುವುದಿಲ್ಲ. ಅವರಿಗೆ ದಾರವೂ ತಪ್ಪೇ, ಹೆಣ್ಣಿನ ಅವಮಾನವೂ ತಪ್ಪೇ. ಎರಡಕ್ಕೂ ಒಂದೇ ನಗೆ. ಬಡತನಕ್ಕೂ ದುರ್ಗುಣಕ್ಕೂ ವ್ಯತ್ಯಾಸ ತಿಳಿಯದ ವಿಮರ್ಶೆ ವಿಮರ್ಶೆಯೇ ಅಲ್ಲ.

ಬಟ್ಟೆಯನ್ನು ಸೇರಿನಲ್ಲಿ ಅಳೆದು ಕಡಿಮೆ ಬಂತೆಂದು ದೂರುವುದರಲ್ಲಿ ಅರ್ಥವಿಲ್ಲ. ಇಂಥ ಚಿತ್ರಗಳಿಗೆ ಅವುಗಳದೇ ಗಜಕಡ್ಡಿ ಬೇಕು. ನನಗೆ ತೋಚಿದ ಮೂರು ಪ್ರಶ್ನೆಗಳನ್ನು ಓದುಗರ ಮುಂದಿಡುತ್ತೇನೆ. ಮೊದಲನೆಯದು, ಚಿತ್ರಕ್ಕೆ ತನ್ನ ಕತೆಯಲ್ಲಿ ಶ್ರದ್ಧೆಯಿದೆಯೇ? ದೆವ್ವವನ್ನು ತೋರಿಸುವವನು ಒಳಗೊಳಗೇ ಕಣ್ಣು ಮಿಟುಕಿಸುತ್ತಿದ್ದರೆ ನಾವು ಹೆದರುವುದೆಂತು? ಎರಡನೆಯದು, ಹಣದ ಕೊರತೆಗೆ ಉಪಾಯ ಉತ್ತರ ಕೊಟ್ಟಿದೆಯೇ, ಅಥವಾ ಕೊರತೆ ಸೋಮಾರಿತನಕ್ಕೆ ನೆಪವಾಗಿದೆಯೇ? ಮೂರನೆಯದು, ನೆಲದ ಟಿಕೆಟ್ಟಿನವನಿಗೆ ಕೊಟ್ಟ ಮಾತು ಉಳಿಸಿಕೊಂಡಿದೆಯೇ? ಭಯ ಎಂದು ಹೇಳಿ ಕರೆದು ಭಯ ಕೊಟ್ಟಿತೇ, ಸೋಜಿಗ ಎಂದು ಕರೆದು ಸೋಜಿಗ ಕೊಟ್ಟಿತೇ?

ಒಲೆಯ ದೃಶ್ಯ ಈ ಮೂರರಲ್ಲೂ ಗೆಲ್ಲುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ಒಂದು ಒಲೆ, ಒಂದು ಕಾಲು. ನಲವತ್ತು ವರ್ಷ ದಾಟಿದರೂ ನೋಡಿದವರು ಮರೆತಿಲ್ಲ. 2009ರಲ್ಲಿ ತಮಿಳಿನವರು ಅದೇ ಹೆಸರಿನಿಂದ ಚಿತ್ರವನ್ನು ಮತ್ತೆ ತೆಗೆದರು, ಗಣಕಯಂತ್ರದ ನೆರವೂ ಇತ್ತು. ಅದರ ಒಂದು ದೃಶ್ಯವೂ ನನ್ನ ಮನಸ್ಸಿನಲ್ಲಿ ನಿಲ್ಲಲಿಲ್ಲ. ಈಗ ಕೋಟಿಗಟ್ಟಲೆ ಸುರಿದು ಕಟ್ಟುವ ಎಷ್ಟೋ ಮಾಯಾಲೋಕಗಳಲ್ಲಿ ದಾರ ಕಾಣುವುದಿಲ್ಲ, ನಿಜ, ಹಾವೂ ಕಾಣುವುದಿಲ್ಲ. ಮೂಗಿಗಿಂತ ಮೂಗುತಿ ಭಾರವಾದ ಆ ಚಿತ್ರಗಳಿಗೆ ನಮ್ಮವರು ಮೂರೂವರೆ ನಕ್ಷತ್ರಕ್ಕೆ ಕಡಿಮೆ ಕೊಡುವುದಿಲ್ಲ.

ಮಿತ್ರರ ಕಡೆಯ ಒಂದು ವಾದಕ್ಕೆ ಮಾತ್ರ ನಾನು ಗೌರವದಿಂದ ಉತ್ತರಿಸಬೇಕು. “ನಾವು ನಗುವುದರಿಂದಲೇ ಈ ಚಿತ್ರಗಳು ಬದುಕಿವೆ ಸಾರ್” ಎನ್ನುತ್ತಾರೆ ಅವರು. ಅಮೆರಿಕದ ಉದಾಹರಣೆಯನ್ನೂ ಕೊಡುತ್ತಾರೆ. ಎಡ್ ವುಡ್ ಎಂಬಾತ 1950ರ ದಶಕದಲ್ಲಿ ‘ಪ್ಲಾನ್ ನೈನ್ ಫ್ರಮ್ ಔಟರ್ ಸ್ಪೇಸ್’ ಎಂಬ ಚಿತ್ರ ತೆಗೆದ. ಅದರಲ್ಲಿಯೂ ದಾರಕ್ಕೆ ತೂಗುಬಿದ್ದ ಹಾರುವ ತಟ್ಟೆಗಳಿವೆ, ಸತ್ತವರು ಏಳುತ್ತಾರೆ. ವುಡ್ 1978ರಲ್ಲಿ ಬಡತನದಲ್ಲಿ ತೀರಿಕೊಂಡ. ಎರಡು ವರ್ಷದ ಮೇಲೆ, 1980ರಲ್ಲಿ, ಮೆಡ್‌ವೆಡ್ ಸೋದರರು ತಮ್ಮ ಪುಸ್ತಕದಲ್ಲಿ ಅದಕ್ಕೆ ಸಾರ್ವಕಾಲಿಕ ಅತಿ ಕೆಟ್ಟ ಚಿತ್ರವೆಂಬ ಪಟ್ಟ ಕಟ್ಟಿದರು. ಅಲ್ಲಿಂದ ಅದು ಲೋಕವಿಖ್ಯಾತವಾಯಿತು. ನಗೆ ಚಿತ್ರವನ್ನು ಉಳಿಸಿತು, ನಿಜ. ಆ ಮನುಷ್ಯನ ಕೈಗೆ ಒಂದು ಕಾಸೂ ಬರಲಿಲ್ಲ, ಅದೂ ನಿಜ.

ಆದರೆ ಅಲ್ಲಿಯವರು ಇಡೀ ಚಿತ್ರವನ್ನು ಉಳಿಸಿಕೊಂಡು ನಗುತ್ತಾರೆ. ನಾವು ನಗುವುದಕ್ಕೆ ಎರಡು ನಿಮಿಷದ ತುಣುಕು ಸಾಕು. ಒಲೆಯೊಳಗಿನ ಕಾಲು ಮೊಬೈಲಿನಿಂದ ಮೊಬೈಲಿಗೆ ನಡೆಯುತ್ತದೆ. ಉಳಿದ ಮೈಯನ್ನು ಕೇಳುವವರಿಲ್ಲ. ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಂಗೈ ಹುಣ್ಣಿನಂಥ ಸಾಕ್ಷಿಯಿದೆ. 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನಮ್ಮ ಬಳಿಯಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ರೀಲುಗಳು ಗೋದಾಮುಗಳಲ್ಲಿ ಕರಗಿ ಅಂಟಾಗಿದ್ದವು. ಯಾವುದನ್ನು ಕಾಪಾಡಬೇಕು ಎಂಬ ಪ್ರಶ್ನೆ ಬಂದಾಗ ಯಾರೂ ಒಂದು ನಕ್ಷತ್ರದ ಚಿತ್ರವನ್ನು ಮೊದಲು ಎತ್ತಿಕೊಳ್ಳುವುದಿಲ್ಲ. ನಮ್ಮ ನಕ್ಷತ್ರಗಳು ಬರಿಯ ಆಟದ ಸಾಮಾನಲ್ಲ. ಯಾವುದು ಉಳಿಯಬೇಕು, ಯಾವುದು ಕೊಳೆಯಬೇಕು ಎಂದು ಬರೆಯುವ ತೀರ್ಪು ಅವು. ಚಿತ್ರ ಹೋದರೆ, ಅದನ್ನು ನೋಡಿ ನಕ್ಕು ಹೆದರಿ ಮನೆಗೆ ನಡೆದ ಲಕ್ಷಾಂತರ ಜನರ ಒಂದು ಸಂಜೆಗೆ ಇದ್ದ ಸಾಕ್ಷಿಯೂ ಹೋಗುತ್ತದೆ.

ಅದಕ್ಕೆ ನನ್ನ ಬಿನ್ನಹ ಇಷ್ಟೆ. ನಗಬೇಡಿ ಎಂದು ನಾನು ಹೇಳುತ್ತಿಲ್ಲ, ಅಜ್ಜಿಯೇ ನಕ್ಕಿದ್ದಾಳೆ. ಆದರೆ ಸಂತೋಷಪಟ್ಟ ಮೇಲೆ ಸಂತೋಷಪಟ್ಟೆ ಎಂದು ಹೇಳುವ ಧೈರ್ಯವಿರಲಿ. ಬೇಸರವಾದರೆ ಬೇಸರವಾಯಿತೆನ್ನಿ, ಅಸಹ್ಯವಾದರೆ ಅಸಹ್ಯವೆನ್ನಿ. ಕೆಟ್ಟದ್ದಾದ್ದರಿಂದ ಚೆನ್ನಾಗಿದೆ ಎಂಬ ಎರಡು ನಾಲಗೆಯ ಮಾತು ಬೇಡ. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಮುದುಕಿಯರ ಕತೆಗಳನ್ನು ಸಂಗ್ರಹಿಸಿದ ಹಾಗೆ, ಅವರು ನೋಡಿದ ಚಿತ್ರಗಳ ನೆನಪನ್ನೂ ಸಂಗ್ರಹಿಸಲಿ. ಇನ್ನು ಹತ್ತು ವರ್ಷ ಬಿಟ್ಟರೆ ಕೇಳಲು ಅವರು ಇರುವುದಿಲ್ಲ.

ನನ್ನ ಮಟ್ಟಿಗೆ, ಈ ವರ್ಷ ಅದೇ ಪಾಠಕ್ಕೆ ಅದೇ ತುಣುಕನ್ನು ತೋರಿಸಿದೆ. ತೋರಿಸುವ ಮೊದಲು, ಹೋದ ವರ್ಷ ನಾನಾಡಿದ ಮಾತು ತಪ್ಪು ಎಂದು ಹೇಳಿದೆ. ಹಿಂದಿನ ಬೆಂಚಿನ ಆ ಹುಡುಗಿ ಈಗ ಮುಂದಿನ ತರಗತಿಗೆ ಹೋಗಿದ್ದಾಳೆ. ಅವಳನ್ನು ಕರೆಸಿ, ಅಜ್ಜಿ ಒಲೆಯ ದೃಶ್ಯಕ್ಕೆ ಏನೆನ್ನುತ್ತಿದ್ದರು ಎಂದು ಎಲ್ಲರ ಮುಂದೆ ಕೇಳಿದೆ. ಅವಳು ಸ್ವಲ್ಪ ಸಂಕೋಚಪಟ್ಟು, “ಅನ್ನ ಬೇಯೋ ಹೊತ್ತಿಗೆ ಇನ್ನೊಂದು ಕಾಲೂ ಬೇಕಾಗತ್ತೆ ಅಂತಿದ್ರು ಸಾರ್” ಎಂದಳು.

ತರಗತಿ ನಕ್ಕಿತು. ಈ ಸಲ ಅವಳೂ ನಕ್ಕಳು.